ಕೂಗಾಡುವ ಮೊದಲು ಬಿಲ್ ತೆಗೆದಿಡಿ

ಕೆಟ್ಟ ಸರ್ವಿಸ್ ಸಿಕ್ಕಾಗ ಕೆಲವರು ಕೌಂಟರಿನ ಹುಡುಗನ ಮೇಲೆ ಕೂಗಾಡುತ್ತಾರೆ. ಜಾಸ್ತಿ ಜನ "ಹೋಗ್ಲಿ ಬಿಡಿ" ಅಂತ ಸುಮ್ನೆ ಮನೆಗೆ ಬರುತ್ತಾರೆ. ಎರಡರಿಂದಲೂ ಕೆಲಸ ಆಗಲ್ಲ.

ಜಯನಗರದಲ್ಲಿ ತಗೊಂಡ ನಮ್ಮ ವಾಷಿಂಗ್ ಮೆಷಿನ್ ವಾರಂಟಿ ಇದ್ದಾಗಲೇ ಕೆಟ್ಟಿತು, ಅಂಗಡಿಯವರು "ನಾಳೆ ಬರ್ತಾರೆ ಮೇಡಂ" ಅಂತಲೇ ಮೂರು ವಾರ ತಳ್ಳಿದರು, ನಾನೂ ಒಂದು ದಿನ ಜೋರಾಗಿ ಕೂಗಾಡಿಬಿಟ್ಟೆ. ಪಾಪ, ಆ ಹುಡುಗನ ಕೈಲಿ ಏನಿತ್ತು? ಇವತ್ತಿಗೂ ಬೇಜಾರಿದೆ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ದೂರಿನ ನಂಬರ್ ಕೊಟ್ಟರು, ವಾರದೊಳಗೆ ಮೆಕ್ಯಾನಿಕ್ ಬಂದ. ದೂರು ಕೊಡುವಾಗ ತೋರಿಸೋಕೆ ಬಿಲ್, ವಾರಂಟಿ ಕಾರ್ಡ್, ವಾಟ್ಸಾಪ್ ಮೆಸೇಜ್ ಎಲ್ಲದರ ಫೋಟೋ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ್ದನ್ನೂ ಅಂಗಡಿಯವರಿಗೆ ಒಂದು ಇಮೇಲ್ ಹಾಕಿ, ಬಾಯಿಮಾತಿಗೆ ಸಾಕ್ಷಿ ಇರಲ್ಲ ಅಲ್ವಾ.

ಸಹಾಯವಾಣಿಯಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಂದ್ರೆ ಗ್ರಾಹಕರ ದೂರು ವಿಚಾರಿಸುವ ಕೋರ್ಟಿನಂಥದ್ದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯ ಅಲ್ಲ. ಕಂಪನಿ ಮುಂಬೈಯಲ್ಲಿದ್ದರೂ ನೀವು ಬೆಂಗಳೂರಲ್ಲೇ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಹಾಗಿದೆ. ಆದರೆ ತೊಂದರೆಯಾದ 2 ವರ್ಷದೊಳಗೆ ಕೊಡಬೇಕು.