ಹೆಸರು ಹಿಡಿದು ಹುಡುಕಬೇಡಿ, ಸರ್ವೆ ನಂಬರ್ ಹಿಡಿದು ಹೋಗಿ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ವಂಶ ಹುಡುಕಲು ಹೊರಟವರು ಹೆಸರನ್ನೇ ನಂಬಿದರೆ ಮೂರನೇ ತಲೆಮಾರಿಗೇ ದಾರಿ ತಪ್ಪುತ್ತಾರೆ. ಒಂದೇ ಊರಲ್ಲಿ ನಾಲ್ಕು ಜನ ಮುನಿಯಪ್ಪ ಇರುತ್ತಾರೆ. ಮೊಮ್ಮಗನಿಗೆ ತಾತನ ಹೆಸರಿಡುವುದರಿಂದ ‘ಮುನಿಯಪ್ಪ ಬಿನ್ ನಾರಾಯಣಪ್ಪ’ನ (ಬಿನ್ ಎಂದರೆ ಮಗ, ಅಂದರೆ ನಾರಾಯಣಪ್ಪನ ಮಗ ಮುನಿಯಪ್ಪ) ತಾತನೂ ಮುನಿಯಪ್ಪನೇ. ಬಾಗೇಪಲ್ಲಿ ಕಡೆ ಇನ್ನೊಂದು ತೊಡಕು: ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಮಾತಿನಲ್ಲಿ ಪೆದ್ದನ್ನ ಆದವನು ಕಾಗದದಲ್ಲಿ ದೊಡ್ಡಣ್ಣ ಆಗಿರಬಹುದು.

ಆದ್ದರಿಂದ ಕುಟುಂಬದ ಯಾವುದಾದರೂ ಒಂದು ಜಮೀನಿನ ಪಹಣಿಯಿಂದ ಶುರುಮಾಡಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಖಾತೆ ಬಂದ ಬಗೆ ಇರುತ್ತದೆ. ಅಲ್ಲಿನ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಮತ್ತು ವರ್ಷ ಬರೆದುಕೊಂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮ್ಯುಟೇಶನ್‌ನ, ಅಂದರೆ ಖಾತೆ ಬದಲಾವಣೆಯ, ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅದು ಪೌತಿ ಖಾತೆ, ಅಂದರೆ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗಾದ ಖಾತೆಯಾಗಿದ್ದರೆ, ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂದು ಗೊತ್ತಾಗುತ್ತದೆ. ಕಡತದಲ್ಲಿ ವಂಶವೃಕ್ಷ ಸೇರಿಸಿದ್ದರೆ ಇನ್ನೂ ಒಳ್ಳೆಯದು. ಅಲ್ಲಿಂದ ಹಿಂದಿನ ಕೈಬರಹದ ಪಹಣಿ, ಅದರ ಹಿಂದಿನ ಮ್ಯುಟೇಶನ್, ಹೀಗೇ ಮೆಟ್ಟಿಲಿಳಿಯುತ್ತ ಹೋಗಿ.

ಎಳೆ ತುಂಡಾಗುವುದು ಹೆಚ್ಚಾಗಿ ಪೋಡಿಯಲ್ಲಿ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಭಾಗ ಮಾಡಿದ ಕಡೆ. ಈಗಿನ 45/2 ಹಿಂದೆ ಬರೀ 45 ಆಗಿದ್ದಿರಬಹುದು. ಮೂಲ ನಂಬರಿನ ದಾಖಲೆಯನ್ನೂ ಕೇಳಿ. ನಂಬರೇ ಬದಲಾಗಿದ್ದರೆ ಹಳೆಯ ಪತ್ರದ ಚಕ್ಕುಬಂದಿ ನೋಡಿ. ಪೂರ್ವಕ್ಕೆ ಕೆರೆ ಕಾಲುವೆ, ಪಶ್ಚಿಮಕ್ಕೆ ಇಂಥವರ ಜಮೀನು ಎಂಬ ವಿವರ ಹಳೆಯ, ಹೊಸ ಎರಡೂ ದಾಖಲೆಗಳಲ್ಲಿ ಹೊಂದಿದರೆ ಅದೇ ಜಮೀನು. ಪಕ್ಕದ ಜಮೀನಿನವರು ಎಷ್ಟೋ ಸಲ ದಾಯಾದಿಗಳೇ ಆಗಿರುತ್ತಾರೆ, ಅವರ ಹೆಸರನ್ನೂ ಗುರುತು ಮಾಡಿಕೊಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಜಿಲ್ಲಾ ಮಟ್ಟದ ಕಡತ ಬೇಕಾದರೆ ಕೋಲಾರದಲ್ಲೂ ವಿಚಾರಿಸಿ. ಮನೆಯವರು ಶಾನುಭೋಗರೋ ಪಟೇಲರೋ ಆಗಿದ್ದರೆ, 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆಯಡಿ ಆ ಹುದ್ದೆಯ ಜಮೀನು ಮರುಮಂಜೂರಾದ ಕಡತ ಹುಡುಕಿಸಿ.

ತಾರೀಖುಗಳ ವಿಷಯದಲ್ಲಿ ಎಚ್ಚರವಿರಲಿ. ಶಾಲೆಯ ದಾಖಲಾತಿ ವಹಿಯಲ್ಲಿ ಜೂನ್ ತಿಂಗಳ ಹುಟ್ಟಿದ ದಿನಗಳೇ ತುಂಬಿದ್ದರೆ, ಸೇರಿಸುವಾಗ ವಯಸ್ಸು ಸರಿಹೊಂದಿಸಲು ಬರೆದದ್ದಿರಬಹುದು. ಹಳೆಯ ಪತ್ರಗಳಲ್ಲಿ ಬರುವ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ಧಾತು ಎಂದರೆ ಬರಗಾಲ ಶುರುವಾದ 1876ನೇ ಇಸವಿಯೂ ಹೌದು, 1936ನೇ ಇಸವಿಯೂ ಹೌದು. ತಿಥಿಯ ಜೊತೆ ವಾರವೂ ಬರೆದಿದ್ದರೆ ಎರಡೂ ವರ್ಷದ ಪಂಚಾಂಗಕ್ಕೆ ಹೋಲಿಸಿ. ವಾರ ಹೊಂದದ ವರ್ಷವನ್ನು ಕೈಬಿಡಬಹುದು.

ಹಳೆಯ ವಂಶವೃಕ್ಷಗಳಲ್ಲಿ ದೊಡ್ಡ ಕೊರತೆ ಹೆಣ್ಣುಮಕ್ಕಳದು. ಪಾಲು ಕೇಳುವುದಿಲ್ಲವೆಂದು ಅವರನ್ನು ಬರೆಯದೆ ಬಿಟ್ಟದ್ದುಂಟು, ಮಕ್ಕಳಿಲ್ಲದೆ ಸತ್ತ ಅಣ್ಣತಮ್ಮಂದಿರನ್ನೂ. ಒಂದೇ ವಂಶವೃಕ್ಷವನ್ನು ಪೂರ್ಣವೆಂದು ಯಾವತ್ತೂ ತೆಗೆದುಕೊಳ್ಳಬೇಡಿ. ಉಪನೋಂದಣಿ ಕಚೇರಿಯ ಕ್ರಯಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಅವರು ಸಿಗುತ್ತಾರೆ, ಏಕೆಂದರೆ ಕೊಳ್ಳುವವರು ಮುಂದೆ ತಕರಾರು ಬಾರದಿರಲೆಂದು ಎಲ್ಲರ ಸಹಿಯನ್ನೂ ಕೇಳಿರುತ್ತಾರೆ. ಪತ್ರದ ನಂಬರ್ ಗೊತ್ತಿಲ್ಲದಿದ್ದರೆ ಸರ್ವೆ ನಂಬರ್ ಮತ್ತು ಅವಧಿ ಕೊಟ್ಟು ಋಣಭಾರ ಪ್ರಮಾಣಪತ್ರ (ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) ತೆಗೆಸಿ. ಪತ್ರದಲ್ಲಿ ‘ಲಕ್ಷ್ಮಮ್ಮ ಕೋಂ’ ಎಂಬುದರ ಮುಂದೆ ಬರುವುದು ಗಂಡನ ಹೆಸರು, ತಂದೆಯದಲ್ಲ. ಅದರ ಜೊತೆಗಿರುವ ಊರು ಆಕೆ ಸೇರಿದ ಊರು; ಆ ಕವಲಿನ ಹುಡುಕಾಟವನ್ನು ಅಲ್ಲಿನ ಪಹಣಿಯಿಂದಲೇ ಮತ್ತೆ ತೊಡಗಿ.