ಹಿಂಬದಿ ಪುಟದ ಜಾಹೀರಾತು, ವರ್ಲಿಯ ಕಡತ

ಮುಂಬಯಿಯಲ್ಲಿ ಕನ್ನಡ ಮಾಸಪತ್ರಿಕೆ ನಡೆಸುವ ನನ್ನಂಥವನಿಗೆ ಸರ್ಕಾರದಿಂದ ಕಾಟ ಕಡಿಮೆ. ನಾವು ಇದ್ದೇವೆ ಎನ್ನುವುದೇ ಮಂತ್ರಾಲಯಕ್ಕೆ, ಅಂದರೆ ಇಲ್ಲಿನ ರಾಜ್ಯ ಸಚಿವಾಲಯಕ್ಕೆ, ಗೊತ್ತಿರಲಿಕ್ಕಿಲ್ಲ. ಬಾಯಿ ಕಟ್ಟುವವರು ದೀಪಾವಳಿ ವಿಶೇಷಾಂಕದ ಹಿಂಬದಿ ಪುಟಕ್ಕೆ ಬಣ್ಣದ ಜಾಹೀರಾತು ಕೊಡುವ ನಮ್ಮೂರಿನವರೇ. ಹೋಟೆಲು ಅವರದು, ಸಂಘದ ಅಧ್ಯಕ್ಷಗಿರಿ ಅವರದು, ವರದಿ ಮಾಡಬೇಕಾದದ್ದೂ ಅವರನ್ನೇ.

ದುಡ್ಡಿಗೂ ಪತ್ರಿಕಾ ಸ್ವಾತಂತ್ರ್ಯಕ್ಕೂ ಇರುವ ಗಂಟು ಹೊಸದಲ್ಲ. ಪುಣೆಯ ಮರಾಠಿ ದಿನಪತ್ರಿಕೆ ‘ಸಕಾಳ್’ ಇದೇ ವಿಚಾರಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಷ್ಟು ಬೆಲೆಗೆ ಇಷ್ಟೇ ಪುಟ ಎಂದು ಕೇಂದ್ರ ಸರ್ಕಾರ 1960ರಲ್ಲಿ ಆದೇಶ ತಂದಿತು. ದಿನಕ್ಕೆ 7 ನಯಾ ಪೈಸೆಯಂತೆ ಆರು ದಿನಕ್ಕೆ 34 ಪುಟ ಕೊಡುತ್ತಿದ್ದ ಪತ್ರಿಕೆ ಅದೇ ಬೆಲೆಗೆ 24ಕ್ಕೆ ಇಳಿಯಬೇಕಿತ್ತು. ಸಣ್ಣ ಪತ್ರಿಕೆಗಳನ್ನು ಉಳಿಸಲಿಕ್ಕೆ ಎಂಬುದು ಸರ್ಕಾರದ ಸಬೂಬು. 1961ರಲ್ಲಿ ಕೋರ್ಟು ಒಪ್ಪಲಿಲ್ಲ. ಪುಟ ಇಳಿದರೆ ಸುದ್ದಿ ಇಳಿಯುತ್ತದೆ, ಬೆಲೆ ಏರಿದರೆ ಓದುಗರು ಇಳಿಯುತ್ತಾರೆ. ಎರಡೂ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಗೆ ಬಿದ್ದ ಏಟೇ ಎಂದಿತು. ಆದರೆ ಜಾಹೀರಾತುದಾರ ‘ಈ ಸಲ ಬೇಡ’ ಅಂದರೆ ಯಾವ ಕೋರ್ಟಿಗೆ ಹೋಗೋಣ?

ಹೋಗುವ ದಾರಿ ಇಲ್ಲದ್ದರಿಂದಲೇ ಬೇರೆ ದಾರಿ ಕಲಿತೆ.

ಉಪನಗರದ ಒಂದು ಸಂಘದ ಮಹಾಸಭೆ. ಸಭಾಗೃಹದ ದುರಸ್ತಿಗೆ ಎಷ್ಟಾಯಿತು ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು. ‘ಊಟ ತಣ್ಣಗಾಗ್ತದೆ’ ಎಂದು ವೇದಿಕೆಯಿಂದ ಉತ್ತರ ಬಂತು. ಲೆಕ್ಕಪತ್ರ ಚಪ್ಪಾಳೆಯಲ್ಲಿ ಪಾಸಾಯಿತು.

ಇಲ್ಲಿ ಸಂಘಗಳಿಗೆ ಸಾಮಾನ್ಯವಾಗಿ ಎರಡು ನೋಂದಣಿ: ಒಂದು 1860ರ ಸೊಸೈಟಿ ಕಾಯ್ದೆಯಡಿ, ಇನ್ನೊಂದು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ. ಲೆಟರ್‌ಹೆಡ್ಡಿನ ಮೂಲೆಯಲ್ಲಿ ‘ಎಫ್’ ಅಕ್ಷರದ ನಂಬರು ಇರುತ್ತದಲ್ಲ, ಅದನ್ನು ಬರೆದುಕೊಂಡು ಟ್ರಸ್ಟುಗಳ ಮೇಲೆ ನಿಗಾ ಇಡುವ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ಹೋದೆ. ಅರ್ಜಿ, ಶುಲ್ಕ, ಕಾಯುವುದು. ಪತ್ರಕರ್ತನೆಂಬ ಗುರುತಿನ ಚೀಟಿ ತೋರಿಸಲಿಲ್ಲ, ಅದು ಬೇಕಾಗಿಯೂ ಇಲ್ಲ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗೆಂದು ಬೇರೆ ಹಕ್ಕೇ ಬರೆದಿಲ್ಲ. ಯಾವುದೇ ನಾಗರಿಕನಿಗೆ ಇರುವ ಹಕ್ಕೇ ಸಂಪಾದಕನಿಗೂ. ಇದು ಕೊರತೆ ಎನ್ನುವವರಿದ್ದಾರೆ. ನನಗೆ ಅನುಕೂಲವೇ ಆಗಿದೆ: ಆ ಹಿಂದಿನ ಸಾಲಿನವರೂ ಇದೇ ಕಡತ ತೆರೆಸಬಹುದು.

ಮೊದಲು ನೋಡುವುದು ಶೆಡ್ಯೂಲ್ ಒಂದು. ಟ್ರಸ್ಟಿಗಳು ಯಾರು, ಆಸ್ತಿ ಏನು ಎಂಬುದು ಅದರಲ್ಲಿರುತ್ತದೆ. ಆಮೇಲೆ ಚೇಂಜ್ ರಿಪೋರ್ಟು. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ತಿಳಿಸಬೇಕು. ಈ ಕಡತದಲ್ಲಿ ಹಳೆಯ ಸಮಿತಿಯೇ ಇನ್ನೂ ಕೂತಿತ್ತು; ಅದರಲ್ಲೊಬ್ಬರ ಶ್ರದ್ಧಾಂಜಲಿಯನ್ನು ನಾನೇ ಅಚ್ಚು ಹಾಕಿದ್ದೆ! ಕೊನೆಗೆ ಶೆಡ್ಯೂಲ್ ಒಂಬತ್ತು, ಆದಾಯ-ವೆಚ್ಚ. ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಒಂದು ಸಾಲಿನಲ್ಲಿ ಆ ವರ್ಷದ ಹಾಲ್ ಬಾಡಿಗೆಯಷ್ಟೂ ಕರಗಿತ್ತು. ಆಡಿಟರ್ ವರದಿಯಲ್ಲಿ 5,000 ರೂಪಾಯಿ ಮೀರಿದ ದುರಸ್ತಿಗೆ ಟೆಂಡರ್ ಕರೆದಿದ್ದಾರೆಯೇ ಎಂಬ ಪ್ರಶ್ನೆ ಇರುತ್ತದೆ. ಅದರ ಎದುರು ‘ಇಲ್ಲ’ ಎಂದಿತ್ತು. ಇಷ್ಟರಿಂದ ಯಾರೂ ಕಳ್ಳರಾಗುವುದಿಲ್ಲ. ಟೆಂಡರ್ ಕರೆದಿಲ್ಲ ಎಂದು ಬರೆಯಬಹುದು, ಅಷ್ಟೇ ಬರೆದೆ.

ಅಚ್ಚಿಗೆ ಮುನ್ನ ಪ್ರಶ್ನೆಗಳನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅಧ್ಯಕ್ಷರಿಗೆ ಕಳಿಸಿದೆ. ಉತ್ತರದ ಬದಲು ಫೋನು ಬಂತು.

‘ಏನು ಮಾರಾಯ್ರೆ, ಮನೆ ವಿಷಯ ಬೀದಿಗೆ ತರುದಾ? ಹೊರಗಿನವರು ಏನು ಹೇಳಿಯಾರು?’

‘ಅಣ್ಣ, ನೀವು ಬರೆದು ಕೊಡಿ. ಒಂದಕ್ಷರ ಬಿಡದೆ ಹಾಕ್ತೇನೆ.’

ಹಿಂಬದಿ ಪುಟ ಹೋಯಿತು. ಅದರ ಬೆನ್ನಿಗೆ ಅವರ ಭಾವನ ಕೇಟರಿಂಗ್ ಜಾಹೀರಾತೂ ಹೋಯಿತು.

ಇದು ಬರುತ್ತದೆಂದು ಗೊತ್ತಿತ್ತು. ಅದಕ್ಕೇ ಒಬ್ಬನೇ ಜಾಹೀರಾತುದಾರನಿಂದ ಬರುವ ದುಡ್ಡು ಒಂದು ಸಂಚಿಕೆಯ ಅಚ್ಚಿನ ಖರ್ಚನ್ನು ಮೀರದಂತೆ ಮೊದಲಿನಿಂದ ನೋಡಿಕೊಂಡಿದ್ದೆ. ಡೊಂಬಿವಲಿಯ ಟೈಲರು, ಭಾಂಡುಪಿನ ಮಂಗಳೂರು ಸ್ಟೋರು, ವಸಾಯಿಯ ಎಲ್‌ಐಸಿ ಏಜೆಂಟರು, ಇವರದೆಲ್ಲ ಬೆಂಕಿಪೊಟ್ಟಣದಷ್ಟು ಜಾಹೀರಾತು. ವಸೂಲಿಗೆ ಲೋಕಲ್ ಟ್ರೈನಿನಲ್ಲಿ ಜೀವ ಹೋಗುತ್ತದೆ, ನಿಜ. ಆದರೆ ಒಬ್ಬರು ಮುನಿಸಿಕೊಂಡರೆ ಪ್ರೆಸ್ಸಿನವರ ಬಾಕಿ ನಿಲ್ಲುವುದಿಲ್ಲ. ಆ ವರ್ಷದ ವಿಶೇಷಾಂಕ ತೆಳ್ಳಗಾಯಿತು, ನಿಲ್ಲಲಿಲ್ಲ.

ವರದಿ ಬಂದ ಮೇಲೆ ವಕೀಲರ ನೋಟಿಸು, ಮಾನಹಾನಿ ಎಂದು. ನಮ್ಮ ಪರಿಚಯದ ವಕೀಲರೊಬ್ಬರು ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ತೋರಿಸಿದರು. ತಮಿಳಿನ ನಕ್ಕೀರನ್ ಪತ್ರಿಕೆಯ ಪ್ರಕರಣ ಅದು. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಪ್ರಕಟಿಸಿದರೆ ಖಾಸಗಿತನದ ಹೆಸರಿನಲ್ಲಿ ತಡೆಯುವಂತಿಲ್ಲ ಎಂಬುದು ಅದರ ಒಂದು ಅಂಶ. ಮಾನಹಾನಿಗೆ ಬೇರೆಯೇ ಉತ್ತರ ಬೇಕು: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಅಪರಾಧವಲ್ಲವೆಂಬ ವಿನಾಯಿತಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಇದೆ. ಕಡತದ ದೃಢೀಕೃತ ನಕಲಿನ ಸಮೇತ ಉತ್ತರ ಹೋಯಿತು. ಆ ಕಡೆಯಿಂದ ಮತ್ತೆ ಸದ್ದಿಲ್ಲ.

ಮುಂದಿನ ಮಹಾಸಭೆಗೆ ಆಮಂತ್ರಣದ ಜೊತೆ ಲೆಕ್ಕಪತ್ರವೂ ಅಂಚೆಯಲ್ಲಿ ಬಂತು, ದುರಸ್ತಿ ಖರ್ಚಿನ ವಿವರ ಸಮೇತ. ಗುತ್ತಿಗೆದಾರರ ಹೆಸರು ಅದರಲ್ಲೂ ಇರಲಿಲ್ಲ. ಈ ಸಲ ಕೇಳಿದವರು ಒಬ್ಬರಲ್ಲ, ಊಟ ನಿಜವಾಗಿಯೂ ತಣ್ಣಗಾಯಿತಂತೆ. ಅಧ್ಯಕ್ಷರು ಮತ್ತೆ ಅವರೇ ಆರಿಸಿ ಬಂದರು, ಅದು ಸದಸ್ಯರ ಇಷ್ಟ. ಆದರೆ ಮತದಾರರ ಪಟ್ಟಿ ವರ್ಷಗಳಿಂದ ಬೆಳೆದೇ ಇಲ್ಲ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಹುಡುಗರ ಸದಸ್ಯತ್ವದ ಅರ್ಜಿಗಳು ಕಚೇರಿಯ ಕಪಾಟಿನಲ್ಲಿವೆಯೆಂದು ಕೇಳಿದ್ದೇನೆ. ಈಗ ಸಂಘದ ಬೈಲಾ, ಅಂದರೆ ನಿಯಮಾವಳಿಯ ನಕಲಿಗೆ ಅರ್ಜಿ ಹಾಕಿದ್ದೇನೆ.