ಒಕ್ಕಲುತನದ ನಡುವೆ ಲಿಂಗಪೂಜೆ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಎರೆ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಮತ್ತು ಒಂದಿಷ್ಟು ತೊಗರಿ ಬೆಳೆದು ಸಂಸಾರ ಸಾಗಿಸುವವನು ನಾನು. ದೀಕ್ಷೆಯಲ್ಲಿ ಪಡೆದು ಲಿಂಗಾಯತರು ಮೈಮೇಲೆ ಧರಿಸುವ ಇಷ್ಟಲಿಂಗದ ಪೂಜೆಯನ್ನು ದಿನಕ್ಕೆ ಎರಡು ಹೊತ್ತು ಮಾಡುತ್ತೇನೆ. ಹೊಸದಾಗಿ ದೀಕ್ಷೆ ಪಡೆದ ಯುವಕರು, ಅದರಲ್ಲೂ ಮದುವೆಯಾಗಿ ಹೊಲಮನೆಯ ಭಾರ ಹೊತ್ತವರು, ಇದಕ್ಕೆ ಸಮಯ ಹೇಗೆ ಹೊಂದಿಸುತ್ತೀರಿ ಎಂದು ಆಗಾಗ ಕೇಳುತ್ತಾರೆ. ಪೂಜೆಗೆ ಬೇಕಾಗುವ ಸಮಯ ನಿಜಕ್ಕೂ ಅಲ್ಪ. ಆ ಅಲ್ಪ ಸಮಯವನ್ನು ಎತ್ತು, ಮಳೆ, ಕೂಲಿಯಾಳು ಮತ್ತು ಸಾಲ ಇವೆಲ್ಲ ಒಟ್ಟಿಗೆ ಎಳೆಯುವಾಗ ಕಾಪಾಡಿಕೊಳ್ಳುವುದು ಕಷ್ಟ, ಮತ್ತು ಅದು ಒಬ್ಬನೇ ಗಂಡಸಿನಿಂದ ಆಗುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಅದು ಹೇಗೆ ನಡೆದುಬಂದಿದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನಸುಕಿನಲ್ಲಿ ಎದ್ದು ಎತ್ತುಗಳಿಗೆ ಕಣಕಿ ಹಾಕಿದ ಮೇಲೆಯೇ ನನ್ನ ಸ್ನಾನ. ದನ ಹಸಿದು ಒದರುತ್ತಿರುವಾಗ ಕುಳಿತ ಪೂಜೆಯಲ್ಲಿ ಮನಸ್ಸು ಕೊಟ್ಟಿಗೆಯಲ್ಲೇ ಇರುತ್ತದೆ ಎಂಬುದು ಅಪ್ಪನಿಂದ ಕಲಿತ ಮಾತು. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಮಣೆಯ ಮೇಲೆ ಕುಳಿತು, ಕೊರಳಿನ ಕರಡಿಗೆಯಿಂದ (ಲಿಂಗವಿಡುವ ಪುಟ್ಟ ಡಬ್ಬಿ) ಲಿಂಗವನ್ನು ತೆಗೆದು ಎಡದ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ನೀರು, ವಿಭೂತಿ, ಪತ್ರಿ, ಇದ್ದರೆ ಒಂದು ಹೂವು, ಸಾಮಗ್ರಿ ಇಷ್ಟೇ. ಹೊಸಬರಿಗೆ ಹೇಳಬೇಕಾದ ಮುಖ್ಯ ವಿಷಯ ದೀಪ ಇಡುವ ಜಾಗ. ಎದುರಿಗೆ ದೀಪವಿಟ್ಟರೆ ಅದರ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಎಡ ಹೆಗಲಿನ ಹಿಂದೆ, ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಗೂಡಿನಲ್ಲಿ ದೀಪವಿಟ್ಟರೆ ಲಿಂಗದ ಕಪ್ಪು ಹೊದಿಕೆಯಾದ ಕಂತಿಯ ಮೇಲೆ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕೆ ಮೂಡುತ್ತದೆ, ದೃಷ್ಟಿ ತಾನಾಗಿಯೇ ಅಲ್ಲಿ ನಿಲ್ಲುತ್ತದೆ. ಅಂಗೈ ಅಲುಗಿದರೆ ಚುಕ್ಕೆಯೂ ಅಲುಗುತ್ತದೆ, ಉಸಿರು ನಿಧಾನವಾದರೆ ಅದೂ ನಿಲ್ಲುತ್ತದೆ. ಇಡೀ ದಿನ ಕುಂಟೆಯ ಮೇಳಿ ಹಿಡಿದ ಕೈ ಸಂಜೆಯ ಪೂಜೆಯಲ್ಲಿ ನಡುಗುವುದು ಸಹಜವಾದ್ದರಿಂದ, ನಾನು ಎಡಗೈಯನ್ನು ಮಡಿಸಿದ ಮೊಣಕಾಲಿನ ಮೇಲೆ ಊರಿ ಕೂಡುತ್ತೇನೆ. ಎದೆಯ ಮಟ್ಟಕ್ಕೆ ಕೈ ಎತ್ತಿ ಹಿಡಿಯಲೇಬೇಕೆಂದು ಹೇಳುವವರಿದ್ದಾರೆ. ಅವರು ಎಡೆ ಹೊಡೆದು (ಬೆಳೆಯ ಸಾಲುಗಳ ನಡುವೆ ಕುಂಟೆ ಓಡಿಸಿ) ಬಂದ ದಿನ ಹಾಗೆ ಹಿಡಿದು ನೋಡಲಿ.

ನಾನು ಕುಳಿತಿರುವಾಗ ಎಮ್ಮೆಯ ಹಾಲು ಹಿಂಡುವವಳು ನನ್ನ ಹೆಂಡತಿ, ಅವಳು ಕುಳಿತಾಗ ಒಲೆಯ ಮುಂದಿನ ಕೆಲಸ ನೋಡಿಕೊಳ್ಳುವವನು ನಾನು. ಮದುವೆಯಾದ ಹೊಸತರಲ್ಲಿಯೇ ನಾವು ಮಾಡಿಕೊಂಡ ಈ ಏರ್ಪಾಡು ಇಲ್ಲದಿದ್ದರೆ ಉಳಿದ ಯಾವುದೂ ನಡೆಯುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಭಕ್ತನೆನಿಸಿಕೊಳ್ಳುತ್ತಾನೆ, ಹೆಂಡತಿ ಅವನ ಪೂಜೆಗೆ ನೀರು, ಪತ್ರಿ, ಮಡಿಬಟ್ಟೆ ಒದಗಿಸುವುದರಲ್ಲೇ ಉಳಿಯುತ್ತಾಳೆ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು (ಮೈಲಿಗೆಗಳನ್ನು) ಅಲ್ಲಗಳೆದದ್ದು ಮನೆಯ ಒಳಗೆ ಏನು ಎಂಬುದು ನನಗೆ ತಿಳಿದದ್ದು ಇವಳಿಂದ. ತಿಂಗಳ ಯಾವ ದಿನದಲ್ಲೂ ಅವಳ ಪೂಜೆ ತಪ್ಪುವುದಿಲ್ಲ. ನಮ್ಮ ಅವ್ವನಿಗೆ ಮೊದಮೊದಲು ಇದು ಸರಿಬರಲಿಲ್ಲ, "ಲಿಂಗ ಮೈಮ್ಯಾಲ ಇದ್ದ ಮ್ಯಾಲ ಮೈಲಿಗಿ ಎಲ್ಲಿಂದ ಬರ್ತದರೀ ಅತ್ತಿ?" ಎಂದು ಸೊಸೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾಗದೆ ಸುಮ್ಮನಾದಳು, ಕೆಲವು ವರ್ಷಗಳ ನಂತರ ತಾನೇ ಅದನ್ನು ಓಣಿಯವರಿಗೆ ಹೇಳತೊಡಗಿದಳು.

ಊರಿನ ಭಕ್ತಿಯ ಕಾಲಮಾನವನ್ನು ಮಣ್ಣೇ ನಿರ್ಧರಿಸುತ್ತದೆ ಎಂದು ನಾನು ಹೇಳಿದರೆ ಕೆಲವರಿಗೆ ರುಚಿಸುವುದಿಲ್ಲ. ಆದರೆ ಶ್ರಾವಣದಲ್ಲೇ ನಮ್ಮ ಊರುಗಳ ಗುಡಿಗಳಲ್ಲಿ ತಿಂಗಳುದ್ದಕ್ಕೂ ಪುರಾಣ, ಪ್ರವಚನ ನಡೆಯುವುದಕ್ಕೆ ಒಕ್ಕಲುತನದ ಕಾರಣವೂ ಇದೆ. ಹಿಂಗಾರಿ ಜೋಳಕ್ಕೆಂದು ಬಿಟ್ಟ ಎರೆ ಹೊಲದಲ್ಲಿ ಆಗ ಬೆಳೆ ಇರುವುದಿಲ್ಲ. ಮಳೆ ಬಿದ್ದು ಮಣ್ಣು ಹಸಿಯಾದರೆ ಮೊಣಕಾಲವರೆಗೆ ಕಾಲು ಹೂಳುತ್ತದೆ, ಎತ್ತು ಇಳಿಸುವುದಕ್ಕೆ ಬರುವುದಿಲ್ಲ. ಹದ ಬಂದಾಗ ಹರಗುವುದೊಂದೇ ಕೆಲಸ. ಬಿತ್ತನೆ ಶುರುವಾಗುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ವರೆಗೆ. ಹೀಗಾಗಿ ಕೇಳುವ, ಓದುವ, ಕಲಿಯುವ ಕೆಲಸವನ್ನೆಲ್ಲ ನಾನು ಶ್ರಾವಣ, ಭಾದ್ರಪದಗಳಿಗೆ ಎತ್ತಿಡುತ್ತೇನೆ. ವಚನಗಳನ್ನು ಮನೆಯವರೆಲ್ಲ ಕೂಡಿ ಓದುವುದು ಆ ಎರಡು ತಿಂಗಳಲ್ಲಿಯೇ. ಇದೇ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಗಳ ಸಂಗ್ರಹ ಮುದ್ರಿಸದೇ ಇದ್ದಿದ್ದರೆ ನನ್ನಂಥ ರೈತನ ಕೈಗೆ ಅವು ಬರುತ್ತಿದ್ದವೋ ಇಲ್ಲವೋ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೆ ಈ ಭಾಗದ ಎಷ್ಟೋ ಊರುಗಳಲ್ಲಿ ಬೆಳಗಿನ ಹೊತ್ತಿನಲ್ಲೇ ಪ್ರವಚನ ಹೇಳುತ್ತಿದ್ದರು. ಕೇಳಿದವನು ಎದ್ದು ನೇರವಾಗಿ ಹೊಲಕ್ಕೆ ಹೋಗಬಹುದಾದ ಹೊತ್ತು ಅದು. ರಾತ್ರಿ ಬಹಳ ಹೊತ್ತು ಮೈಕಿನಲ್ಲಿ ನಡೆಯುವ ಕಾರ್ಯಕ್ರಮಗಳಿಗಿಂತ ಅಂಥ ಬೆಳಗಿನ ಪ್ರವಚನವೇ ದುಡಿಯುವವರಿಗೆ ಅನುಕೂಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವ ಪದ್ಧತಿಯನ್ನು ಇಷ್ಟಲಿಂಗ ಕಟ್ಟಿಕೊಂಡವರು ಬಿಡಬೇಕೆಂದು ಒಮ್ಮೆ ಊರಿಗೆ ಬಂದಿದ್ದ ಪ್ರವಚನಕಾರರೊಬ್ಬರು ಹೇಳಿದರು. ನಾನು ಬಿಟ್ಟಿಲ್ಲ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಲೆ ಕಟ್ಟಿಕೊಂಡು ಬಂದು ಹತ್ತಾರು ಜನ ಬದುವಿನ ಮೇಲೆ ಉಣ್ಣುವುದೂ, ಒಂದಿಷ್ಟನ್ನು ಹಕ್ಕಿ ಹುಳಗಳಿಗೆಂದು ಬೆಳೆಯಲ್ಲಿ ಚೆಲ್ಲುವುದೂ ದಾಸೋಹದ, ಅಂದರೆ ದುಡಿದುದನ್ನು ಹಂಚಿ ಉಣ್ಣುವುದರ, ಇನ್ನೊಂದು ರೂಪವೆಂದೇ ತಿಳಿದಿದ್ದೇನೆ.

ಇಡೀ ವರ್ಷದಲ್ಲಿ ಬಿಕ್ಕಟ್ಟು ಬರುವುದು ಶಿವರಾತ್ರಿಗೆ. ಅದು ಫೆಬ್ರುವರಿಯ ನಡುವಿನಿಂದ ಮಾರ್ಚ್ ಮೊದಲ ಭಾಗದೊಳಗೆ ಬೀಳುತ್ತದೆ, ಜೋಳದ ಕೊಯ್ಲು ಮತ್ತು ರಾಶಿ ನಡೆಯುವುದೂ ಆಗಲೇ. ಹಗಲೆಲ್ಲ ಉಪವಾಸವಿದ್ದು ಜೋಳ ಕೀಳುವುದು ಅಥವಾ ತೆನೆ ಮುರಿಯುವುದು ನನ್ನ ವಯಸ್ಸಿಗೆ ಆಗದ ಮಾತು, ಕೂಲಿಯವರನ್ನು ಒಂದು ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಹಗಲಿನಲ್ಲಿ ಹಾಲು, ಹಣ್ಣು ತೆಗೆದುಕೊಂಡು ಎಂದಿನಂತೆ ದುಡಿಯುತ್ತೇನೆ, ಜಾಗರಣೆಯನ್ನು ಕಣದಲ್ಲಿಯೇ ಮಾಡುತ್ತೇನೆ. ಕಣದಲ್ಲಿ ಕಾಳು ಬಿದ್ದಿದ್ದರೆ ದನ, ಹಂದಿ, ಕಳ್ಳರಿಂದ ಕಾಯಲು ಹೇಗೂ ಒಬ್ಬರು ರಾತ್ರಿಯೆಲ್ಲ ಎಚ್ಚರವಿರಲೇಬೇಕು. ಎರಡೂ ಕೆಲಸ ಒಂದರಲ್ಲೇ ಆಗುತ್ತವೆ. ರಾತ್ರಿಯ ನಾಲ್ಕು ಯಾಮಕ್ಕೂ (ಜಾವಕ್ಕೂ) ನಾಲ್ಕು ಸಲ ಕೈಕಾಲು ಮುಖ ತೊಳೆದು, ರಾಶಿಯ ಪಕ್ಕದಲ್ಲಿ ಕಂಬಳಿ ಹಾಸಿಕೊಂಡು ಕೂಡುತ್ತೇನೆ. ಎರಡನೆಯ ಯಾಮದ ಹೊತ್ತಿಗೆ ಇಬ್ಬನಿಯಿಂದ ಕಂಬಳಿ ತೇವವಾಗಿರುತ್ತದೆ, ಜೋಳದ ಸುಂಕು ಕತ್ತಿನ ಸುತ್ತ ಕೆರೆಯುತ್ತಿರುತ್ತದೆ. ಗಾಳಿಗೆ ದೀಪ ನಿಲ್ಲದಿರುವುದರಿಂದ ಕಂದೀಲನ್ನೇ ಹಿಂದಿನ ಬಂಡಿಯ ಮೂಕಿಗೆ ಕಟ್ಟುತ್ತೇನೆ. ಮೊದಲ ಸಲ ಹೀಗೆ ಮಾಡಿದಾಗ ಗುಡಿಗೆ ಬರಲಿಲ್ಲವೆಂದು ಹಿರಿಯರೊಬ್ಬರು ಆಕ್ಷೇಪಿಸಿದ್ದರು. ಈಗ ಅಕ್ಕಪಕ್ಕದ ಕಣದವರೂ ನಮ್ಮಲ್ಲಿಗೆ ಬಂದು ಕೂಡುತ್ತಾರೆ.

ಇನ್ನು ದಾಸೋಹದ ಪಾಲು. ಭಕ್ತಿವಂತ ಕುಟುಂಬಗಳು ಹಾಳಾಗುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ವಿಷಯದಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. ಜಾತ್ರೆಯ ಅನ್ನದಾನಕ್ಕೆ ಹೆಸರು ಬರೆಸಿ, ರಥದ ಮುಂದೆ ಹೆಸರು ಕೂಗಿಸಿಕೊಂಡು, ಆ ಹಣವನ್ನು ಬಡ್ಡಿಗೆ ತಂದು ಕೊಟ್ಟವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. 12ನೇ ಶತಮಾನದಲ್ಲಿ, ಇಂದಿನ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ (ಇಂದಿನ ಬಸವಕಲ್ಯಾಣ) ಹೋಗಿ ನೆಲೆಸಿದ, ಚೆಲ್ಲಿದ ಅಕ್ಕಿ ಆಯುವುದೇ ಕಾಯಕವಾಗಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ದಾಸೋಹಕ್ಕೆಂದೇ ತಂದ ಅಕ್ಕಿಯಾದರೂ ಅಳತೆ ಮೀರಿದರೆ ಅದು ಲಿಂಗಕ್ಕೆ ಸಲ್ಲದೆಂಬುದು ಅವಳ ನಿಲುವು. ನಮ್ಮ ಮನೆಯ ಲೆಕ್ಕವನ್ನು ನಾವು ಇದರ ಮೇಲೆಯೇ ನಿಲ್ಲಿಸಿದ್ದೇವೆ. ರಾಶಿಯಾದ ದಿನ ಮೊದಲು ಬೀಜಕ್ಕೆ, ಆಮೇಲೆ ವರ್ಷದ ಊಟಕ್ಕೆ, ಆಮೇಲೆ ಸೊಸೈಟಿಯ ಬೆಳೆಸಾಲ ತೀರಿಸಲು ಮಾರಬೇಕಾದಷ್ಟನ್ನು ಅಳೆದು ಬೇರೆ ಮಾಡುತ್ತೇವೆ. ಉಳಿದುದರಲ್ಲಿ ಒಂದು ಭಾಗ ದಾಸೋಹಕ್ಕೆ. ಅಳೆಯುವವಳು ಹೆಂಡತಿ, ಚೀಲದ ಬಾಯಿ ಹಿಡಿಯುವವನು ನಾನು. ಉಮೇದಿನಲ್ಲಿ ನಾನು ಹೆಚ್ಚು ಸುರಿದೇನೆಂಬ ಅನುಮಾನ ಅವಳಿಗೆ ಇದ್ದೇ ಇದೆ.

ದೇವರ ಪಾಲನ್ನು ಮೊದಲು ತೆಗೆಯಬೇಕಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ: ಸಾಲಗಾರನಿಗೆ ಕೊಡಬೇಕಾದ ಕಾಳು ನನ್ನದಲ್ಲ, ನನ್ನದಲ್ಲದ್ದನ್ನು ನಾನು ದಾನ ಮಾಡಲು ಬರುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಸರ್ಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ವರ್ಷ ನಮ್ಮ ಹೊಲದಲ್ಲಿ ಊಟಕ್ಕೆ ಸಾಲುವಷ್ಟೂ ಜೋಳ ಬರಲಿಲ್ಲ. ಆ ವರ್ಷ ಮಠಕ್ಕೆ ಕಾಳು ಕಳಿಸಲಿಲ್ಲ. ಅದರ ಬದಲು ಜಾತ್ರೆಯ ದಿನಗಳಲ್ಲಿ ನಾನು ದಾಸೋಹದ ಮನೆಯಲ್ಲಿ ಕಟ್ಟಿಗೆ ಒಡೆದೆ, ಹೆಂಡತಿ ರೊಟ್ಟಿ ಬಡಿದಳು. ಮಠದ ಅಜ್ಜಾರು ಅದನ್ನು ಕಡಿಮೆಯೆಂದು ಎಣಿಸಲಿಲ್ಲ. ಮಗಳ ಮದುವೆಯನ್ನೂ ಅದೇ ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಮಾಡಿದೆವು. ಬೀಗರು ಮೊದಲೇ ಒಪ್ಪಿದ್ದರೂ ನಮ್ಮ ಕಡೆಯ ನೆಂಟರಲ್ಲಿ ಕೆಲವರು ಉಂಡು ಹೋಗಲಿಕ್ಕೂ ಬರಲಿಲ್ಲ. ಹೊಲ ಒತ್ತೆ ಬೀಳಲಿಲ್ಲ ಎಂಬುದು ನಮಗೆ ಸಾಕಾಗಿತ್ತು.

ದಾಸೋಹವೆಂದರೆ ಮಠಕ್ಕೆ ಕೊಡುವುದು ಮಾತ್ರ ಎಂಬ ತಿಳಿವಳಿಕೆ ಊರಲ್ಲಿ ಬೇರೂರಿದೆ. ಸದಿ (ಕಳೆ) ತೆಗೆಯಲು ಬಂದ ಹೆಣ್ಣಾಳುಗಳ ಕೂಲಿಯನ್ನು ಸಂತೆಯ ದಿನದವರೆಗೆ ತಡೆಹಿಡಿದು, ಅದೇ ವಾರ ಗುಡಿಗೆ ಗಂಟೆ ಮಾಡಿಸಿದವರನ್ನು ನಾನು ಬಲ್ಲೆ. ನಮ್ಮಲ್ಲಿ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡುತ್ತೇವೆ, ಹೊಲದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಬುತ್ತಿಯಿಂದ ಉಣ್ಣುತ್ತೇವೆ. ಆಳುಗಳಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಹಾಕುವ ರೂಢಿ ನಮ್ಮ ಓಣಿಯಲ್ಲಿ ಈಚಿನವರೆಗೂ ಇತ್ತು. ನಾವು ನಮ್ಮದೇ ತಂಬಿಗೆಯನ್ನು ಕೈಗೆ ಕೊಡತೊಡಗಿದಾಗ ದಾಯಾದಿಗಳು ಕೆಲಕಾಲ ನಮ್ಮ ಮನೆಯ ನೀರು ಬಿಟ್ಟರು. ನಾನು ಜಗಳಕ್ಕೆ ಹೋಗಲಿಲ್ಲ, ತಂಬಿಗೆ ಕೊಡುವುದನ್ನೂ ನಿಲ್ಲಿಸಲಿಲ್ಲ. ಬಿತ್ತುವ ದಿನ ಹದ ಆರುವ ಮೊದಲು ಕೂರಿಗೆಗೆ ಜನ ಬೇಕಾದಾಗ ಅವರೇ ಮುಯ್ಯಾಳಿಗೆ (ಕೆಲಸಕ್ಕೆ ಬದಲು ಕೆಲಸ ಮಾಡಿಕೊಡಲು) ಕರೆಯಲು ಬಂದರು, ಬಂದವರು ಅದೇ ತಂಬಿಗೆಯಲ್ಲಿ ನೀರು ಕುಡಿದರು.

ಅಪ್ಪ ಲಿಂಗೈಕ್ಯನಾದದ್ದು ಬಿತ್ತನೆಯ ನಡುವೆ. ನಮ್ಮ ಪದ್ಧತಿಯಂತೆ ಸಮಾಧಿಯ ಗೂಡಿನಲ್ಲಿ ಕುಳ್ಳಿರಿಸಿ, ಅವನ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಗಟ್ಟಿಗಳನ್ನೂ ಪತ್ರಿಯನ್ನೂ ತುಂಬಿ ಕ್ರಿಯೆ ಮುಗಿಸಿದೆವು. ಮರಣ ಸೂತಕವಿಲ್ಲವೆಂದು ಬಾಯಲ್ಲಿ ಹೇಳುವುದು ಸುಲಭ. ಅದೇ ಸಂಜೆ ಸ್ನಾನ ಮಾಡಿ ಪೂಜೆಗೆ ಕುಳಿತಾಗ ಕಣ್ಣಲ್ಲಿ ನೀರು ತುಂಬಿ ಬೆಳಕಿನ ಚುಕ್ಕೆ ಎರಡಾಗಿ ಮೂರಾಗಿ ಕಾಣುತ್ತಿತ್ತು, ದೃಷ್ಟಿ ನಿಲ್ಲಲೇ ಇಲ್ಲ. ಆದರೂ ಕುಳಿತೆ. ಮೂರನೆಯ ದಿನ ಕೂರಿಗೆ ಹೂಡಿದೆವು. ಹದ ತಪ್ಪಿದರೆ ವರ್ಷದ ಅನ್ನ ತಪ್ಪುತ್ತದೆ, ಅಪ್ಪ ಬದುಕಿದ್ದರೂ ಅದನ್ನೇ ಹೇಳುತ್ತಿದ್ದ. ಈ ವಿಷಯದಲ್ಲಿ ಊರವರ ಬಾಯಿಗೆ ನಾನು ಕಿವಿಗೊಡಲಿಲ್ಲ.

ಮಗ ಧಾರವಾಡದಲ್ಲಿ ಓದುತ್ತಿದ್ದಾಗ ಲಿಂಗವನ್ನು ಕೊರಳಿಂದ ತೆಗೆದು ಪೆಟ್ಟಿಗೆಯಲ್ಲಿ ಇಟ್ಟಿದ್ದನೆಂಬುದು ಅವನ ಬಟ್ಟೆ ಒಗೆಯುವಾಗ ತಾಯಿಗೆ ತಿಳಿಯಿತು. ಲಿಂಗ ಕಟ್ಟುವ ಶಿವದಾರದ ಗುರುತು ಅಂಗಿಯ ಕೊರಳಪಟ್ಟಿಯಲ್ಲಿ ಇರಲಿಲ್ಲ. ಕೇಳಿದಾಗ ಅವನು ಮುಚ್ಚಿಡಲಿಲ್ಲ. "ಅಪ್ಪಾ, ಸುಮ್ನ ಕಟ್ಟಿಕೊಂಡು ಪೂಜಿ ಮಾಡದ ತಿರುಗೂದಕಿಂತ ಇದು ಛಲೋ ಅಲ್ಲೇನು?" ಎಂದ. ಪೂಜೆ ಮಾಡುವವರಲ್ಲೂ ಇಷ್ಟು ನೇರವಾಗಿ ಮಾತಾಡುವವರು ಕಡಿಮೆ. ನಾನು ಆಣೆ ಹಾಕಿಸಲಿಲ್ಲ, ಲಿಂಗವನ್ನು ಮಾತ್ರ ಅಸಡ್ಡೆಯಿಂದ ಎಲ್ಲೆಂದರಲ್ಲಿ ಇಡಬೇಡ, ಬೇಡವೆನಿಸಿದರೆ ಮನೆಗೆ ತಂದು ತಾಯಿಯ ಕೈಗೆ ಕೊಡು ಎಂದೆ. ಅವನು ಕೊಟ್ಟೂ ಇಲ್ಲ, ಕಟ್ಟಿಕೊಂಡೂ ಇಲ್ಲ. ಆದರೆ ಈ ಸಲ ಸುಗ್ಗಿಗೆ ರಜೆ ಹಾಕಿ ಬಂದವನು ಕೂಲಿಯವರ ಲೆಕ್ಕವನ್ನು ದಿನಾಲೂ ಸಂಜೆಯೇ ಮುಗಿಸಿದ, ರಾಶಿ ಅಳೆಯುವಾಗ ಚೀಲದ ಬಾಯಿ ತಾನೇ ಹಿಡಿದ. ದಾಸೋಹದ ಚೀಲಕ್ಕೆ ಹುಳ ಬೀಳದಂತೆ ಬೇವಿನ ಸೊಪ್ಪು ಒಣಗಿಸಿ ಪದರ ಪದರವಾಗಿ ಹಾಕಬೇಕೆಂಬುದನ್ನು ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ, ಅಜ್ಜ ಮಾಡುತ್ತಿದ್ದುದನ್ನು ಸಣ್ಣವನಿದ್ದಾಗ ನೋಡಿ ನೆನಪಿಟ್ಟುಕೊಂಡಿದ್ದನಂತೆ.